ಅಕ್ಕಿಕಾಳಿನಷ್ಟು ಮನುಷ್ಯ

ಎಂಬತ್ತರ ದಶಕ. ವಿಶಾಖಪಟ್ಟಣದ ನೌಕಾಪಡೆ ಕ್ವಾರ್ಟರ್ಸಿನಲ್ಲಿ ನನ್ನ ಗಂಡ ತಮ್ಮ ಹಡಗಿನದೇ ಪುಟ್ಟ ಮಾದರಿಯನ್ನು ಮರದಲ್ಲಿ ಕಟ್ಟುತ್ತಿದ್ದರು. ಡೆಕ್ ಮುಚ್ಚುವ ಮೊದಲು ಒಳಗೊಂದು ಎಂಜಿನ್ ರೂಮ್ ಮಾಡಲು ಕೂತರು. ಬೆಂಕಿಕಡ್ಡಿಯ ಏಣಿ ಇಳಿಸಿ, ಅದರ ಬುಡದಲ್ಲಿ ಅಕ್ಕಿಕಾಳಿನಷ್ಟು ಮನುಷ್ಯನನ್ನು ನಿಲ್ಲಿಸಿದರು. ಮೂರು ಭಾನುವಾರ ಅದಕ್ಕೇ ಹೋಯಿತು. ನನಗೆ ರೇಗಿತು.

"ಮುಚ್ಚಿದ್ಮೇಲೆ ಯಾರಿಗ್ರೀ ಕಾಣತ್ತೆ ಇದು?"

"ಯಾರಿಗೂ ಕಾಣಲ್ಲ. ನಾನಿರೋದೂ ಅಲ್ಲೇ ಅಲ್ವೇನೇ."

"ಹಡಗು ಹೊರಡುವಾಗ್ಲೂ?"

"ಆಗ್ಲೇ ಕೆಲಸ ಜಾಸ್ತಿ," ಎಂದು ಡೆಕ್ ಅಂಟಿಸಿದರು.

ಅಷ್ಟು ವರ್ಷ ನಾನು ದಂಡೆಯಲ್ಲಿ ನಿಂತು, ಡೆಕ್ಕಿನ ಮೇಲಿನ ಬಿಳಿ ಸಮವಸ್ತ್ರಗಳ ಸಾಲಿನಲ್ಲಿ ಯಾರನ್ನೋ ಇವರೆಂದುಕೊಂಡು ಕೈಬೀಸಿದ್ದೆ. ಮುಂದಿನ ಸಲ ಹಡಗು ಹೊರಟಾಗ ಆ ಸಾಲಿನತ್ತ ನೋಡಲೇ ಇಲ್ಲ. ಹೊಗೆಕೊಳವೆಯ ಕೆಳಗೆ, ನೀರಿಗೆ ತಾಗಿದ್ದ ಬರೀ ಕಬ್ಬಿಣದತ್ತ ಕೈಬೀಸಿದೆ.