ಮೊಮ್ಮಗಳ ಕಳ್ಳರು ಕೂರಿಸಿದ ಹೆಣ

ನನ್ನ ಮೊಮ್ಮಗಳು ಟೀವಿಗೆ ಕಳ್ಳರ ಕಥೆ ಬರೆದಿದ್ದಾಳೆ. ನಾನು ಕಲಿತದ್ದು ಮೂರನೇ ಇಯತ್ತೆ, ಅದೂ ಅರ್ಧ. ಪರದೆಯ ಮೇಲೆ ಅವಳ ಹೆಸರು ಬಂತು; ಒಂದೊಂದೇ ಅಕ್ಷರ ಕೂಡಿಸಿ ಓದುವುದರೊಳಗೆ ಹೋಗಿಬಿಟ್ಟಿತು. ಮತ್ತೊಮ್ಮೆ ಹಾಕಿಸಿದೆ. ಮೂರನೇ ಸಲಕ್ಕೆ ಪೂರ್ತಿ ಓದಿದೆ. ಆಮೇಲೆ ಕಥೆಯನ್ನು ಮುಂದೆ ಹೋಗಲು ಬಿಟ್ಟೆ.

ಅವಳು ಬಾಗಲಕೋಟೆಯಿಂದ ಇಳಕಲ್ಲಿಗೆ ಬಂದದ್ದೇ ನಾವು ನೋಡುವುದನ್ನು ನೋಡಲು. ಬೆಳಿಗ್ಗೆ ಅಡುಗೆಮನೆಯಲ್ಲಿ ನನ್ನ ಸೆರಗು ಹಿಡಿದು ಹೇಳಿದ್ದಳು:

"ಆಯೀ, ಇದು ನಗಿಸೋ ಕಥಿ. ಅಲ್ಲೆ ನೋಡಿದವ್ರು ಒಬ್ರೂ ನಗಲಿಲ್ಲ. ಹೆಣದ ಮ್ಯಾಲೆ ಎಂಥಾ ಚೇಷ್ಟಿ ಅಂದ್ರು. ಮುಂದಿನ ಭಾಗ ಬರಿ ಅಂತಾರ, ನನಗ ಕೈನ ಏಳವಲ್ದು. ಇಲ್ಲೂ ನಗಲಿಲ್ಲಂದ್ರ ಬಿಟ್ಟಬಿಡ್ತೇನಿ."

ಅದಕ್ಕೇ ರವಿವಾರ ಮಧ್ಯಾಹ್ನ ಓಣಿಯವರನ್ನು ಕರೆದೆ. ಆರು ಜನ ಹೆಂಗಸರು, ಜೊತೆಗೆ ಎದುರುಮನೆಯ ಹಿರಿಯರು, ಓಣಿಗೆಲ್ಲ ಕಾಕಾ. ಎಲ್ಲರಿಗೂ ಚುರುಮುರಿ ಕೊಟ್ಟೆ. ಮೊಮ್ಮಗಳು ಟೀವಿಗೆ ಬೆನ್ನು ಮಾಡಿ ನಮ್ಮ ಮುಖ ನೋಡುತ್ತ ಕುಳಿತಳು.

ಕಥೆ ಇಷ್ಟು. ನಾಲ್ವರು ಕಳ್ಳರು. ಬಂಗಾರ ಕದ್ದ ದಿನವೇ ಒಬ್ಬ ಎದೆನೋವಿನಿಂದ ಸಾಯುತ್ತಾನೆ. ಉಳಿದ ಮೂವರು ಅವನ ಅಂಗಿಯೊಳಗೆ ಬಂಗಾರ ತುಂಬಿ, ಹಣೆಗೆ ವಿಭೂತಿ ಹಚ್ಚಿ, ಟೆಂಪೋದಲ್ಲಿ ಕೂರಿಸಿಕೊಂಡು ಕೆರೂರಿನಿಂದ ಹುನಗುಂದಕ್ಕೆ ಹೊರಡುತ್ತಾರೆ. ದಾರಿಯಲ್ಲಿ ಪೊಲೀಸ ಅಡ್ಡ ಹಾಕುತ್ತಾನೆ. ಇಂಜಿನ್ ನಡುಗಿದ ಹಾಗೆಲ್ಲ ಹೆಣ ಹೌದು ಹೌದೆಂದು ತಲೆಯಾಡಿಸುತ್ತದೆ. ಕದ್ದ ಮಾಲು ಇದೆಯೇನು ಎಂದರೂ ಹೌದು.

ಇಲ್ಲಿ ನಗಬೇಕಿತ್ತು. ಆದರೆ ಹೆಣ ಕಂಡಕೂಡಲೆ ಹೆಂಗಸರು ತಲೆಯ ಮೇಲೆ ಸೆರಗು ಹೊದ್ದಿದ್ದರು. ಬಾಯಿಗೆ ಹೊರಟ ಚುರುಮುರಿ ತಟ್ಟೆಗೆ ವಾಪಸ್ಸು ಹೋಗಿತ್ತು. "ಪಾಪ, ವಯಸ್ಸು ಎಷ್ಟಂತ?" ಎಂದಳು ಒಬ್ಬಳು. ನಾನೂ ಕೈಮುಗಿದೆ. ರೂಢಿ. ಮೊಮ್ಮಗಳ ಮುಖ ಸಣ್ಣದಾಯಿತು.

ಕಾಕಾ ಮಾತ್ರ ಮುಂದಕ್ಕೆ ಬಾಗಿ ನೋಡುತ್ತಿದ್ದರು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತೇವೆ. ಓಣಿಯಲ್ಲಿ ಯಾರು ಹೋದರೂ ಕೂರಿಸಲು ಕರೆ ಹೋಗುವುದು ಕಾಕಾನಿಗೇ.

"ನಿಂದರಸು ಅದನ್ನ," ಎಂದರು. ಅವಳು ನಿಲ್ಲಿಸಿದಳು. "ಹಿಂಗ ಯಾರ ಕುಂದರಸ್ತಾರವ್ವ? ತಲೀನ ಕಟ್ಟಿಲ್ಲ. ಗದ್ದಕ್ಕ ಅರಿವಿ ಹಾಕಿ ಹಿಂದ ಮೊಳಿಗೆ ಬಿಗೀಬೇಕು."

"ಕಾಕಾ, ಅವ್ರು ಕಳ್ಳರು. ಅವ್ರಿಗೆ ಗೊತ್ತಿಲ್ಲ."

"ಯಾಕ, ಕಳ್ಳರ ಮನ್ಯಾಗ ಯಾರೂ ಸಾಯಂಗಿಲ್ಲೇನು?"

ಬಾಯಿಮಾತಿನಲ್ಲಿ ತಿಳಿಯದೆಂದು ತಾವೇ ಎದ್ದು, ಗೋಡೆಗೆ ಒರಗಿ, ಕಾಲು ಮಡಚಿ ಕುಳಿತು ಕಣ್ಣು ಮುಚ್ಚಿದರು. ಅವರ ಟವೆಲ್ಲನ್ನೇ ಗದ್ದಕ್ಕೆ ಸುತ್ತಿ ಕ್ಯಾಲೆಂಡರಿನ ಮೊಳೆಗೆ ಕಟ್ಟಿದೆ.

"ಇನ್ನಷ್ಟ ಬಿಗಿ," ಎಂದರು.

"ಸತ್ತವ್ರು ಮಾತಾಡಬಾರ್ದು," ಎಂದಳು ಪಕ್ಕದ ಮನೆಯಾಕೆ.

"ನೀವು ತಪ್ಪ ಕಟ್ಟಿದ್ರ ಮಾತಾಡಬೇಕಾಗ್ತದ."

ಅಷ್ಟರಲ್ಲಿ ಅವರ ಹೆಂಡತಿ ಗಂಡನನ್ನು ಹುಡುಕುತ್ತ ಬಂದಳು. ಬಾಗಿಲಲ್ಲೇ ನಿಂತು ನೋಡಿದಳು. ಗಂಡ ಗೋಡೆಗೆ ಕೂತಿದ್ದಾನೆ, ಗದ್ದ ಕಟ್ಟಿದೆ, ಸುತ್ತಲೂ ಸೆರಗು ಹೊದ್ದ ಹೆಂಗಸರು.

"ಇವತ್ತ ಕೂತೀರೇನು?" ಎಂದಳು. "ಮೊದಲ ಗಿರಣಿಗೆ ಹೋಗಿ ಜ್ವಾಳ ಬೀಸ್ಕೊಂಡ ಬರ್ರಿ. ಆಮ್ಯಾಲೆ ಕೂಡ್ರಿ."

ಮೊದಲು ನಕ್ಕದ್ದು ಹೆಣವೇ. ಟವೆಲ್ಲಿನೊಳಗಿಂದ ಗುಳುಗುಳು ಸದ್ದು ಬಂತು. ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಮೊಮ್ಮಗಳು ಕಥೆಯನ್ನು ಹಿಂದಕ್ಕೆ ಓಡಿಸಿ ಅದನ್ನೇ ಮತ್ತೆ ಹಾಕಿದಳು. ಪೊಲೀಸ ಕೇಳಿದ, ಹೆಣ ಹೌದೆಂದಿತು, ಮನೆಯೆಲ್ಲ ನಕ್ಕಿತು. ಮತ್ತೆ ಹಾಕೆಂದರು. ಹಾಕಿದಳು. ನನ್ನ ಹೊಟ್ಟೆ ಹಿಡಿದುಕೊಂಡಿತು. ಅಂಥ ಹಿಗ್ಗು ನನಗೆ ಮಗ ಹುಟ್ಟಿದಾಗಲೂ ಆಗಿರಲಿಲ್ಲ. ಮಗನಿಗೆ ಇದನ್ನು ಹೇಳಿಲ್ಲ.

ಮೊಮ್ಮಗಳು ಕಣ್ಣೊರೆಸಿಕೊಂಡು ಚೀಲದಿಂದ ನೋಟುಬುಕ್ಕು ತೆಗೆದಳು.

"ಮುಂದಿನ ಭಾಗದಾಗ ಯಾರ ಸಾಯ್ತಾರವ್ವ?" ಎಂದು ಪಕ್ಕದ ಮನೆಯಾಕೆ ಕೇಳಿದಳು.

"ಇನ್ನೂ ಗೊತ್ತಿಲ್ರಿ. ಇವತ್ತ ಬರೀಲಿಕ್ಕೆ ಕೂಡ್ತೇನಿ."

"ಯಾರರೆ ಸಾಯ್ಲಿ," ಎಂದರು ಕಾಕಾ, ಟವೆಲ್ ಬಿಚ್ಚಿಸಿಕೊಳ್ಳದೆಯೇ. "ಮೊದಲ ನನಗ ಹೇಳಿ ಕಳಸು."