ಘಾತಚತುರ್ದಶಿಯ ಎಲೆ

ಬೆಳಿಗ್ಗೆಯಿಂದ ಅಡಿಗೆಮನೆಯಲ್ಲಿ ವಡೆ ಕರಿಯುವ ವಾಸನೆ. ಇಂಡಿ ಊರಿನ ನಮ್ಮ ಮನೆಯಲ್ಲಿ ಪಿತೃಪಕ್ಷ ಬಂತೆಂದರೆ ಇದೇ ಫಜೀತಿ: ಪಿತೃಗಳಿಗಿಂತ ಮೊದಲು ನನಗೇ ಬಾಯಲ್ಲಿ ನೀರೂರುತ್ತದೆ. ಏನು ಮಾಡಲಿ, ನೀವೇ ಹೇಳಿ.

ಇವತ್ತು ಘಾತಚತುರ್ದಶಿ. ಶಸ್ತ್ರದ ಏಟಿಗೆ ಸತ್ತವರಿಗೆ ಮಾತ್ರ ಎಲೆ ಹಾಕುವ ದಿನ. ನಮ್ಮಲ್ಲಿ ಇದು ನನ್ನ ಅಜ್ಜನ ತಮ್ಮನ ದಿನವಾಗಿತ್ತು. ಅತ್ಯಾ ಕರೆಯುವುದನ್ನು ಕೇಳಿ ಕೇಳಿ ನಮಗೂ ಅವನು ರಾಘು ಕಾಕಾ. ಎರಡನೇ ದೊಡ್ಡ ಲಡಾಯಿಯ ಕಾಲಕ್ಕೆ ಪಲ್ಟನ್ ಸೇರಿ ಹೋದವನು ತಿರುಗಿ ಬರಲಿಲ್ಲ. ತೀರಿಕೊಂಡನೆಂಬ ಸುದ್ದಿಯಷ್ಟೇ ಬಂತು. ಪಲ್ಟನ್‌ನಲ್ಲಿ ಸತ್ತವನು ಗುಂಡು ಬಡಿಯದೆ ಹೇಗೆ ಸತ್ತಾನು? ಹಿರಿಯರು, ಆಚಾರ್ಯರು ಕೂಡಿ ಚತುರ್ದಶಿಯನ್ನೇ ಗೊತ್ತು ಮಾಡಿಬಿಟ್ಟರು. ನಾನಂತೂ ಹುಡುಗನಾಗಿದ್ದಾಗ ಗೆಳೆಯರ ಮುಂದೆ ಅವನ ಕೈಗೆ ಬಂದೂಕು, ತೋಪು, ಕೊನೆಗೊಂದು ವಿಮಾನವನ್ನೂ ಕೊಟ್ಟಿದ್ದೆ.

ಅತ್ಯಾ ಎಂದರೆ ನನ್ನ ತಂದೆಯ ತಂಗಿ. ಆಲಮೇಲದಲ್ಲಿ ಮಗ, ಸೊಸೆ, ಮೊಮ್ಮಕ್ಕಳ ಜೊತೆ ಇರುತ್ತಾಳೆ. ಅವಳು ಸಣ್ಣವಳಿದ್ದಾಗ ರಾಘು ಕಾಕಾ ಹೆಗಲ ಮೇಲೆ ಕೂಡಿಸಿಕೊಂಡು ಬಜಾರಕ್ಕೆ ಒಯ್ಯುತ್ತಿದ್ದನಂತೆ. ವರ್ಷಕ್ಕೊಮ್ಮೆ ಈ ದಿನಕ್ಕೆ ಬಸ್ಸು ಹತ್ತಿ ಬಂದು, ಅವನಿಗೆ ಸೇರುತ್ತಿದ್ದ ಚವಳೀಕಾಯಿ ಪಲ್ಯವನ್ನು ತಾನೇ ಮಾಡುತ್ತಾಳೆ. ಸೊಸೆಯಂದಿರು ಅದನ್ನು ಮುಟ್ಟುವಂತಿಲ್ಲ.

ನಿವೃತ್ತನಾದ ಮೇಲೆ ಹೊತ್ತು ಹೋಗದೆ ನಾನು ಸೈನ್ಯದ ಹಳೆಯ ದಾಖಲೆಗಳ ಬೆನ್ನು ಹತ್ತಿದೆ. ವಂಶದಲ್ಲೊಬ್ಬ ಶೂರನಿದ್ದ ಎಂದು ಕಾಗದದ ಮೇಲೆ ನೋಡುವ ಹುಚ್ಚು. ಅರ್ಜಿ ಮೇಲೆ ಅರ್ಜಿ ಹಾಕಿದ ಮೇಲೆ ಹೋದ ವರ್ಷ ನಕಲು ಬಂತು. ರಾಘು ಕಾಕಾ ಗುಮಾಸ್ತನಂತೆ. ಬಂದೂಕು ಎಲ್ಲಿಯದು, ಹಿಟ್ಟು ಬೆಲ್ಲದ ಉಗ್ರಾಣದಲ್ಲಿ ಕೆಲಸ. ಬಸ್ರಾದ ಮಿಲಿಟರಿ ದವಾಖಾನೆಯಲ್ಲಿ ವಿಷಮಜ್ವರದಿಂದ ತೀರಿಕೊಂಡಿದ್ದ.

ನನ್ನ ಶೂರ ಹೋದದ್ದಕ್ಕೆ ನಗು ಬಂತು. ಆಮೇಲೆ ಹೆದರಿಕೆ ಬಂತು. ಶಸ್ತ್ರದಿಂದ ಸಾಯದವನಿಗೆ ಚತುರ್ದಶಿಯ ಎಲೆ ಸಲ್ಲುವುದಿಲ್ಲ. ಅತ್ಯಾ ಇಷ್ಟು ವರ್ಷ ಬಡಿಸಿದ್ದು ಅವನಿಗೆ ಮುಟ್ಟೇ ಇಲ್ಲವೆಂದು ಹೇಳುವುದು ಹೇಗೆ? ಮುಚ್ಚಿಡೋಣವೆಂದರೆ ಮನಸ್ಸು ಕೇಳಲಿಲ್ಲ. ಆಲಮೇಲಕ್ಕೆ ಹೋದೆ.

"ಅತ್ಯಾ, ಕಾಕಾಗ ಗುಂಡು ಬಡದಿದ್ದಿಲ್ಲ. ಜ್ವರ ಬಂದು ದವಾಖಾನ್ಯಾಗ ತೀರಿಕೊಂಡಾನ."

ಅವಳು ಕೇಳಿದ್ದು ಒಂದೇ: "ಹಾಸಿಗಿ ಮ್ಯಾಲ?"

"ಹೌದು."

"ಹಂಗಾರ ಯಾರರ ಬಾಯಾಗ ನೀರು ಹಾಕಿರ್ತಾರ," ಎಂದಳು. ಕಣ್ಣು ತುಂಬಿತ್ತು, ಮುಖ ಮಾತ್ರ ಹಗುರಾಗಿತ್ತು. "ಉಸುಕಿನ್ಯಾಗ ಬಿದ್ದು ನೀರು ನೀರು ಅಂದಿರಬೇಕು ಅಂತ ಸಣ್ಣಾಕಿ ಇದ್ದಾಗಿಂದ ಅನ್ಕೋತ ಬಂದೇನಿ, ತಮ್ಮಾ."

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಮತ್ತ ಇಷ್ಟು ವರ್ಷದ ಎಲಿ ಯಾರಿಗೆ ಮುಟ್ಟಿತು?"

"ಖರೇನ ಗುಂಡು ಬಡದು ಬಿದ್ದಾವ ಯಾವನರ ಉಂಡಿರ್ತಾನ. ಹಿಂದ ಮುಂದ ಯಾರೂ ಇಲ್ಲದಾವ. ಈಗ ಒಮ್ಮೆಲೇ ಬಿಟ್ಟರ ಅವ ಎಲ್ಲಿಗೆ ಹೋಗಬೇಕು?"

ದಾಖಲೆಯ ತಾರೀಖಿನಿಂದ ಆಚಾರ್ಯರು ತಿಥಿ ತೆಗೆದರು. ಈ ಪಕ್ಷದ ಪಂಚಮಿಗೆ ರಾಘು ಕಾಕಾ ತನ್ನ ಚವಳೀಕಾಯಿ ಪಲ್ಯ ಉಂಡು ಹೋದ. ಇವತ್ತಿನ ವಡೆ ಆ ಇನ್ನೊಬ್ಬನಿಗೆ.

ಈಗಷ್ಟೇ ಆಚಾರ್ಯರು ಎಳ್ಳು ನೀರು ಕೊಟ್ಟು, "ಗೋತ್ರ, ಹೆಸರು ಹೇಳ್ರಿ," ಎಂದರು. ನಾನು ತಡವರಿಸಿದೆ. ಅಡಿಗೆಮನೆಯಿಂದ ಅತ್ಯಾನ ದನಿ ಬಂತು:

"ಅವನ ಹೆಸರು ಅವನಿಗೆ ಗೊತ್ತದ. ನೀ ನೀರು ಬಿಡು."