ಎಡ ಮೂಲೆಗೆ ಹೋದ ಪಾಸ್

ತೊಂಬತ್ತರ ದಶಕದ ಕೊನೆಯಲ್ಲಿ ನಾವು ಮಲೇಷ್ಯಾದ ಪೆಟಾಲಿಂಗ್ ಜಯಾದಲ್ಲಿ ಫ್ಲ್ಯಾಟೊಂದರಲ್ಲಿದ್ದೆವು. ಪಕ್ಕದ ಮನೆಯ ಚೀನೀ ಆಂಟಿ ಒಂದು ಕಾಲಕ್ಕೆ ದೇಶದ ಮಹಿಳಾ ಬಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದವರು. ಹಳೆಯ ತಂಡದವರು ಸ್ಮರಣ ಸಂಚಿಕೆ ತರಲು ಹೊರಟಾಗ, ಇತಿಹಾಸದಲ್ಲಿ ಎಂ.ಎ. ಮಾಡಿದವನೆಂದು ತಂಡದ ಚರಿತ್ರೆ ಬರೆಯುವ ಕೆಲಸ ನನಗೆ ಬಿತ್ತು. ದಾಖಲೆಯಿಲ್ಲದ ಮಾತು ನಂಬಬೇಡ ಎಂದು ಮೈಸೂರಿನಲ್ಲಿ ಕಲಿತು ಬಂದಿದ್ದೆ. ಇಲ್ಲಿದ್ದದ್ದು ಬರೀ ಮಾತು.

ಅವರು ಗೆದ್ದ ದೊಡ್ಡ ಪಂದ್ಯದ ಕೊನೆಯ ನಿಮಿಷದಲ್ಲಿ ಅಂಕಣದಲ್ಲಿದ್ದ ಐವರ ಹೆಸರು ದಪ್ಪಕ್ಷರದಲ್ಲಿ ಬರಬೇಕಿತ್ತು. ನಾಲ್ಕರ ಬಗ್ಗೆ ತಕರಾರಿರಲಿಲ್ಲ. ಐದನೆಯವಳು ತಾನೇ ಎಂದರು ಆಂಟಿ. "ನಿನ್ನ ಕಾಲು ಉಳುಕಿತ್ತು, ಬೆಂಚಿನ ಮೇಲಿದ್ದೆ" ಎಂದರು ಉಳಿದವರು. ಹಾಗಾದರೆ ಯಾರು ಎಂದರೆ ಒಬ್ಬೊಬ್ಬರದು ಒಂದೊಂದು ಹೆಸರು. ಸ್ಕೋರ್ ಹಾಳೆ ಯಾರ ಹತ್ತಿರವೂ ಇರಲಿಲ್ಲ. ಆಂಟಿ ವಾದಿಸಲಿಲ್ಲ, ನನ್ನ ಜೊತೆ ಮಾತು ಮಾತ್ರ ಕಡಿಮೆ ಮಾಡಿದರು.

ಆಡುವ ದಿನಗಳಲ್ಲಿ ಯಾವುದಾದರೂ ಆಟ ಕೆಟ್ಟರೆ, ಮಾತಿಲ್ಲದೆ ಅದನ್ನೇ ನಿಧಾನವಾಗಿ ನಡೆದು ನೋಡುವುದು ಆ ತಂಡದ ಪದ್ಧತಿಯಂತೆ. ಒಂದು ಭಾನುವಾರ ಬೆಳಿಗ್ಗೆ ಚೀನೀ ಶಾಲೆಯ ಅಂಕಣದಲ್ಲಿ, ಅಂದಿನ ಕ್ಯಾಪ್ಟನ್ ಆ ಕೊನೆಯ ನಿಮಿಷವನ್ನು ಹಾಗೇ ಮಾಡಿಸಿದರು. ಕ್ಯಾಪ್ಟನ್ ಸೇರಿ, ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡ ನಾಲ್ವರು ಹೆಂಗಸರು ತಂತಮ್ಮ ಜಾಗದಲ್ಲಿ ನಿಂತರು. ಆಂಟಿ ಬೆಂಚಿನ ಮೇಲೆ ಮಿಲೋ ಕುಡಿಯುತ್ತ ಕೂತಿದ್ದರು. ಚೆಂಡು ಕೈಯಿಂದ ಕೈಗೆ ಎಷ್ಟು ಹಗುರವಾಗಿ ಹೋಯಿತೆಂದರೆ, ನಾನು ಬರೆಯುವುದನ್ನೇ ಮರೆತೆ. ಕೊನೆಗೆ ಕ್ಯಾಪ್ಟನ್ ತಲೆ ತಿರುಗಿಸದೆ ಎಡ ಮೂಲೆಗೆ ಎಸೆದರು. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಪುಟಿದು ಚರಂಡಿಗೆ ಬಿತ್ತು.

ಕ್ಯಾಪ್ಟನ್ ಬೆಂಚಿನ ಕಡೆ ತಿರುಗಿ ಕೂಗಿದರು: "ಎಲ್ಲಿ ಹಾಳಾಗಿ ಹೋದೆ? ನನ್ನ ಪಾಸ್ ಹಿಡಿಯೋದು ಬಿಟ್ಟು ಮಿಲೋ ಕುಡೀತಿದಾಳೆ!"

"ನನ್ನ ಕಾಲು ಉಳುಕಿತ್ತಲ್ಲ, ನೀವೇ ಹೇಳಿದ್ರಿ."

"ಉಳುಕಿದ ಕಾಲಲ್ಲೇ ಆಡಿದ್ದೆ ಕಣೇ! ಏಳೇ ಮುದುಕಿ!"

ಉಳಿದವರು ನಗುತ್ತ ಚಪ್ಪಾಳೆ ತಟ್ಟಿದರು. ಆಂಟಿ ಎದ್ದು ಮೂಲೆಗೆ ಹೋದರು, ಮತ್ತೆ ಬಂದ ಪಾಸ್ ಹಿಡಿದು ಎಸೆದರು. ರಿಂಗಿಗೂ ತಾಗದೆ ಬುಟ್ಟಿಗೆ ಬಿತ್ತು ಎಂದು ನನ್ನ ನೆನಪು. ಜೊತೆಗಿದ್ದ ನನ್ನ ಹೆಂಡತಿ, ಬೀಳಲೇ ಇಲ್ಲ ಎನ್ನುತ್ತಾಳೆ.

ಇದು ಪುರಾವೆಯೇ? ನೂರು ಪಂದ್ಯಗಳಲ್ಲಿ ಆ ಮೂಲೆಗೆ ಎಸೆದ ಕೈ, ನೂರಾ ಒಂದನೆಯದನ್ನು ಬೇರೆಯಾಗಿ ನೆನಪಿಡುತ್ತದೆಯೇ? ಗೊತ್ತಿಲ್ಲ. ಆದರೆ ತಕರಾರು ಮಾಡಿದವರೇ ಈಗ ನನ್ನ ಸುತ್ತ ನಿಂತಿದ್ದರು. ಐದನೆಯ ಹೆಸರು ಬರೆದೆ. ಆಂಟಿ ಕಾಗದ ಇಸಿದುಕೊಂಡು ಓದಿದರು. ಆಮೇಲೆ ನನ್ನ ಪೆನ್ನನ್ನೇ ತೆಗೆದುಕೊಂಡು, ಪಕ್ಕದಲ್ಲಿ ಚೀನೀ ಲಿಪಿಯಲ್ಲೂ ತಮ್ಮ ಹೆಸರನ್ನು ಗಟ್ಟಿಯಾಗಿ ಒತ್ತಿ ಬರೆದರು.